ಎರಡು ಬಣ್ಣ, ಎರಡು ನೋಟ

ಗೃಹಾಲಂಕಾರದಲ್ಲಿ ಬಣ್ಣದ ಆಯ್ಕೆ ಸುಲಭದ ಕಾರ್ಯವೆಂದು ನಾನು ಬಹುಕಾಲ ಭಾವಿಸಿದ್ದೆ. ಧಾರವಾಡದ ನಮ್ಮ ಮನೆಗೆ ಬಣ್ಣ ಹಚ್ಚಿಸುವ ಪ್ರಸಂಗ ಬಂದಾಗ ಆ ಭ್ರಮೆ ಹರಿಯಿತು. ಶೇಡ್ ಕಾರ್ಡಿನಲ್ಲಿ ಎರಡು ಛಾಯೆಗಳು ಮನಸ್ಸಿಗೆ ಒಪ್ಪಿದವು. ಎರಡೂ ಬಾದಾಮಿಯೊಡನೆ ಗುಲಾಬಿ ಬೆರೆತಂಥವು. ಒಂದರಲ್ಲಿ ಹಳದಿಯ ಅಂಶ ತುಸು ಹೆಚ್ಚು, ಇನ್ನೊಂದರಲ್ಲಿ ಕೆಂಪಿನದು.

ಅತ್ತೆಯವರಿಗೆ ತೋರಿಸಿದೆ. ಕಾರ್ಡನ್ನು ಕಣ್ಣಿನ ಸಮೀಪಕ್ಕೆ ತಂದು ನೋಡಿ, "ಎರಡೂ ಒಂದ ಅದಾವಲ್ಲವ್ವಾ, ಇದರಾಗ ಆರಿಸೂದೇನೈತಿ?" ಎಂದರು. "ನಿಮಗ ಬಣ್ಣದ್ದು ತಿಳಿಯಂಗಿಲ್ಲ ಬಿಡ್ರಿ" ಎಂದುಬಿಟ್ಟೆ. ಅವರು ಮರುಮಾತಾಡದೆ ಕಾರ್ಡನ್ನು ನನ್ನ ಕೈಗಿತ್ತು ಒಳಗೆ ಹೋದರು.

ಬಣ್ಣ ಹಚ್ಚುವವನು ಅನುಭವಿ. "ಕಾರ್ಡ್ ನೋಡಿ ತೀರ್ಮಾನ ಮಾಡಬ್ಯಾಡ್ರಿ ಅಕ್ಕಾರ" ಎಂದು, 2 ಅಡಿ ಅಗಲದ ಎರಡು ಹಲಗೆಗಳಿಗೆ ಎರಡೆರಡು ಸಲ ಬಳಿದು ಒಣಗಿಸಿಕೊಟ್ಟ. ಮೂರು ದಿನ ಅವನ್ನು ಗೋಡೆಯಿಂದ ಗೋಡೆಗೆ ಸರಿಸುತ್ತ ನೋಡಿದೆ. ಪಡಸಾಲೆಯ ಕಿಟಕಿಗಳು ಉತ್ತರಕ್ಕಿವೆ; ಅಲ್ಲಿ ನೇರ ಬಿಸಿಲಿಗಿಂತ ಆಕಾಶದ ನೀಲಿಮಿಶ್ರಿತ ಬೆಳಕೇ ಹೆಚ್ಚು. ಆ ಬೆಳಕಿನಲ್ಲಿ ಹಳದಿಯಂಶದ ಬಣ್ಣ ಬೂದಿಯಂತೆ ಸಪ್ಪೆಯಾಯಿತು, ಕೆಂಪಿನಂಶದ್ದು ಬೆಚ್ಚಗೆ ಉಳಿಯಿತು. ಪಶ್ಚಿಮದ ಕೋಣೆಯಲ್ಲಿ ಸಂಜೆ ಇದೇ ಬಣ್ಣ ಅತಿಯಾಗಿ ಕೆಂಪೇರಿತು. ರಾತ್ರಿ 6500 ಕೆಲ್ವಿನ್‌ನ ಬಿಳಿ ದೀಪದಡಿ ಎರಡೂ ಬಿಳಿಚಿಕೊಂಡವು. 2700 ಕೆಲ್ವಿನ್‌ನ ಹಳದಿ ದೀಪದಡಿ ಅತ್ತೆಯವರು ಹೇಳಿದಂತೆ ಒಂದೇ ಎನಿಸಿದವು.

ಅದೇ ವಾರ, ಸೂಜಿಗೆ ದಾರ ಪೋಣಿಸಲು ಅತ್ತೆಯವರು ಕಷ್ಟಪಡುವುದನ್ನು ಕಂಡು ವೈದ್ಯರಲ್ಲಿಗೆ ಕರೆದೊಯ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ, ಹತ್ತಿರದ ಛಾಯೆಗಳ ಭೇದ ಅಳಿಯುತ್ತದೆ ಎಂದು ವೈದ್ಯರು ವಿವರಿಸಿದಾಗ ನನ್ನ ಮಾತು ನನಗೇ ಚುಚ್ಚಿತು. ಅವರು ಹಗಲಿರುಳೂ ಹಳದಿ ಗಾಜಿನೊಳಗಿಂದ ನೋಡುತ್ತಿದ್ದರು, ನಾನದನ್ನು ತಿಳಿಯದತನವೆಂದಿದ್ದೆ.

ಬಣ್ಣದ ಕೆಲಸವನ್ನು ಮುಂದೂಡಿದೆವು. ಶಸ್ತ್ರಚಿಕಿತ್ಸೆಗಳು ಮುಗಿದು ತಿಂಗಳು ಕಳೆದ ಮೇಲೆ, "ಅಂದು ನನ್ನದು ತಪ್ಪಾತ್ರಿ ಅತ್ತಿ" ಎನ್ನುತ್ತ ಹಲಗೆಗಳನ್ನು ಮತ್ತೆ ಅವರ ಮುಂದಿಟ್ಟೆ. ಅವರು ನಕ್ಕು, ಕೆಂಪಿನಂಶದ್ದನ್ನು ಮುಟ್ಟಿ, "ಇದು ಪಡಸಾಲಿಗೆ. ಅದು ನನ್ನ ಖೋಲಿಗೆ, ಅಲ್ಲಿ ಸಂಜೀ ಬಿಸಲ ಬರತೈತಿ" ಎಂದರು. ಮೂರು ದಿನ ಪರೀಕ್ಷಿಸಿ ನಾನು ಅರಿತದ್ದನ್ನು ಅವರು ಕ್ಷಣದಲ್ಲಿ ಹೇಳಿದ್ದರು. ಹಾಗೆಯೇ ಹಚ್ಚಿಸಿದೆವು.

ಸಹೋದರಿಯರೇ, ಗೋಡೆಯ ಬಣ್ಣವನ್ನು ನಿಮ್ಮ ಮನೆಯ ಬೆಳಕಿನಲ್ಲಿಯೇ ನೋಡಿ ನಿರ್ಧರಿಸಿರಿ. ಮನೆಯ ಹಿರಿಯರು "ಎರಡೂ ಒಂದೇ" ಎಂದರೆ ವಾದಕ್ಕಿಳಿಯುವ ಮುನ್ನ, ಒಮ್ಮೆ ಅವರ ಕಣ್ಣನ್ನು ತೋರಿಸಿಕೊಂಡು ಬನ್ನಿರಿ.