ಹೊಳೆ, ಕೆರೆ, ಕಾವ್ಯ: ಹಾಸನ ಸೀಮೆಯಲ್ಲಿ ಎರಡು ದಿನ

ನಾಡೊಲುಮೆಯ ಕಾವ್ಯವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪಂಪನ ಬನವಾಸಿ. ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಆ ಮಹಾಕವಿಯು ಇಂದಿನ ತೆಲಂಗಾಣಕ್ಕೆ ಸೇರಿರುವ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿದ್ದನು. ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದ ನೆವದಲ್ಲಿ ಕವಿಯು ತಾನೇ ಮನಸ್ಸಿನಲ್ಲಿ ಅಲ್ಲಿಗೆ ಹೋಗಿಬಂದನು. ಅಲ್ಲಿಯ ತೋಟದಲ್ಲಿ ಒಂದು ಸಣ್ಣ ಜೀವಿಯಾಗಿಯಾದರೂ ಹುಟ್ಟಬೇಕೆಂಬ ಹಂಬಲವನ್ನು ತೋಡಿಕೊಂಡನು. ದೂರವಿದ್ದವನಿಗೆ ನಾಡು ಹೆಚ್ಚು ಹತ್ತಿರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಇದನ್ನು ನಾವು ಶಾಲೆಯ ದಿನಗಳಿಂದಲೂ ಬಲ್ಲೆವು. ಆದರೆ ಊರು ದೂರವಾಗುವುದು ಬೇರೆ, ಊರೇ ಇಲ್ಲವಾಗುವುದು ಬೇರೆ. ಬನವಾಸಿ ಇಂದಿಗೂ ವರದಾ ನದಿಯ ದಡದಲ್ಲಿದೆ. ಮನಸ್ಸು ಮಾಡಿದರೆ ಹೋಗಿ ನೋಡಬಹುದು. ಊರೇ ಇಲ್ಲದವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ನಮ್ಮ ಮನೆಯೊಳಗೇ ಬಹುಕಾಲದಿಂದ ಇತ್ತು. ನಮ್ಮ ಚಿಕ್ಕಮ್ಮನವರ ತವರೂರು ಹೇಮಾವತಿ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. ಗೊರೂರಿನ ಬಳಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಅಂದಿನಿಂದ ಅವರು ಆ ಕಡೆಗೆ ಮುಖ ಮಾಡಿರಲಿಲ್ಲ. ಈಗ ಎಂಬತ್ತು ದಾಟಿದ ಅವರು ಕಳೆದ ಬೇಸಿಗೆಯಲ್ಲಿ ತಾವಾಗಿಯೇ, “ನೀರು ಇಳಿದಿರುತ್ತೆ, ಒಂದ್ಸಲ ನೋಡ್ಕೊಂಡು ಬರೋಣ ಕಣಪ್ಪ” ಎಂದರು. ಹೀಗೆ ನಮ್ಮ ಪ್ರಯಾಣ ಹೊರಟಿತು. ಜೊತೆಗೆ ನಮ್ಮ ಮನೆಯ ಇಬ್ಬರು ಮಕ್ಕಳೂ ಇದ್ದರು.

ಬೆಳಗ್ಗೆ ಹಾಸನವನ್ನು ತಲುಪಿ ಮೊದಲು ಹಾಸನಾಂಬೆಯ ಗುಡಿಗೆ ಹೋದೆವು. ಆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿಯ ವೇಳೆಗೆ ಕೆಲವು ದಿನ ಮಾತ್ರ ತೆರೆಯುವುದು ಎಲ್ಲರಿಗೂ ತಿಳಿದ ಸಂಗತಿ. ಮುಚ್ಚಿದ ಬಾಗಿಲಿಗೇ ಕೈಮುಗಿದು ಹೊರಬರುವಾಗ ಚಿಕ್ಕಮ್ಮ, “ನಮ್ಮೂರೂ ಹಂಗೇ ಆಗಿದೆ, ವರ್ಷಕ್ಕೊಂದ್ಸಲ ಬಾಗಿಲು ತೆಗೆಯುತ್ತೆ” ಎಂದು ನಕ್ಕರು. ಆ ನಗೆಗೆ ನಾವು ಏನೂ ಉತ್ತರ ಕೊಡಲಾಗಲಿಲ್ಲ.

ಹಾಸನದಿಂದ ಶೆಟ್ಟಿಹಳ್ಳಿಯ ದಾರಿ ಹಿಡಿದೆವು. ಹಿನ್ನೀರಿನ ದಡದಲ್ಲಿ ಒಂದೂವರೆ ಶತಮಾನಕ್ಕೂ ಹಳೆಯದಾದ ಇಗರ್ಜಿಯ ಪಾಳುಗೋಡೆಗಳು ನಿಂತಿವೆ. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಬುಡದವರೆಗೂ ಕಾಣುವ ಈ ಶಿಥಿಲ ಕಟ್ಟಡವನ್ನು ನೋಡಲು ದೂರದೂರದಿಂದ ಜನ ಬಂದು ಚಿತ್ರ ತೆಗೆದುಕೊಳ್ಳುತ್ತಾರೆ. ಮುಳುಗಿದ್ದು ಅದೊಂದೇ ಅಲ್ಲವೆಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಗುಡಿಗಳು, ಕಣಗಳು, ಗದ್ದೆಗಳು, ಹಿರಿಯರ ಸಮಾಧಿಗಳು ಎಲ್ಲವೂ ಆ ನೀರಿನಡಿಯಲ್ಲಿವೆ. ನಮ್ಮ ಚಿಕ್ಕಮ್ಮನವರ ಊರು ಕಳೆದ ಬೇಸಿಗೆಯಲ್ಲಿ ಮೇಲೆ ಬಂದಿರಲಿಲ್ಲ. ಬಿರಿದ ಕೆಸರಿನ ಅಂಚಿನಲ್ಲಿ ನಿಂತು ಅವರು ನೀರಿನ ಒಂದು ಕಡೆಗೆ ಕೈತೋರಿಸಿ, “ಅಲ್ಲಿ ಬಸವಣ್ಣನ ಗುಡಿ, ಅದರ ಬಲಕ್ಕೆ ನಮ್ಮನೆ” ಎಂದರು. ಮಕ್ಕಳು ಬಹಳ ಹೊತ್ತು ಆ ಕಡೆಗೇ ನೋಡುತ್ತಿದ್ದರು. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ದಡದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ಅವರು ಒಂದು ಮಾತು ಹೇಳಿದರು. ಅವರ ಬಾಲ್ಯದಲ್ಲಿ ಶ್ರಾವಣಮಾಸದ ರಾತ್ರಿಗಳಲ್ಲಿ ಆ ಬಸವಣ್ಣನ ಗುಡಿಯ ಜಗಲಿಯ ಮೇಲೆ ಹಿರಿಯರೊಬ್ಬರು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರಂತೆ. ಕೊಟ್ಟ ಮಾತಿಗಾಗಿ ರಾಜ್ಯವನ್ನು ವಿಶ್ವಾಮಿತ್ರನಿಗೆ ಒಪ್ಪಿಸಿ, ಮಡದಿ ಚಂದ್ರಮತಿ ಮತ್ತು ಮಗ ಲೋಹಿತಾಶ್ವನೊಡನೆ ದೊರೆಯು ಅಯೋಧ್ಯೆಯನ್ನು ಬಿಟ್ಟು ಹೊರಡುವ ಭಾಗ ಬಂದಾಗ ಕೇಳುತ್ತಿದ್ದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. “ಅವಾಗ ಕತೆ ಕೇಳಿ ಅಳ್ತಿದ್ವಿ. ಆಮೇಲೆ ನಮ್ಮ ಗಾಡಿಗಳು ಹೊರಟ ದಿನ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಹಂಡೆ ಎಲ್ಲಿಟ್ರಿ, ಕರು ಕಟ್ಟಿದ್ರಾ, ಬರೀ ಇದೇ ಮಾತು. ಅಳೋದನ್ನೆಲ್ಲ ಮೊದಲೇ ಅತ್ತು ಮುಗಿಸಿದ್ವೇನೋ” ಎಂದರು.

ಈ ಮಾತು ನಮ್ಮನ್ನು ಪ್ರಯಾಣದುದ್ದಕ್ಕೂ ಬಿಡಲಿಲ್ಲ. ಕಾವ್ಯವು ನಾಡಿನ ಒಲವನ್ನು ಹೊಗಳಿಕೆಯ ಮಾತಿನಲ್ಲಿಯೇ ಹೇಳಬೇಕಾಗಿಲ್ಲ. ನಾಡನ್ನು ಬಿಡಬೇಕಾಗಿ ಬಂದವನ ಹೆಜ್ಜೆಯನ್ನು ತೋರಿಸಿದರೂ ಸಾಕು. ರಾಘವಾಂಕನು ಹರಿಹರನ ಸೋದರಳಿಯ. ಆ ಹರಿಹರನು ಹಾಸನ ಜಿಲ್ಲೆಯ ಇಂದಿನ ಹಳೇಬೀಡಾದ ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಅದನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ನಡೆದನೆಂದು ನಮ್ಮ ಪರಂಪರೆ ಹೇಳುತ್ತದೆ. ಹೋಗುವ ಊರು, ಬಿಡುವ ಊರು ಎರಡರ ರುಚಿಯನ್ನೂ ಈ ಮನೆತನದ ಕವಿಗಳು ಬಲ್ಲವರಾಗಿದ್ದರು.

ಗೊರೂರಿನಲ್ಲಿ ಅಣೆಕಟ್ಟನ್ನು ನೋಡಿದೆವು. ಇದೇ ಊರಿನ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಹೇಮಾವತಿಯ ದಡದ ಬದುಕನ್ನು ನಗುನಗುತ್ತ ಗದ್ಯದಲ್ಲಿ ಚಿತ್ರಿಸಿ, ತಮ್ಮ ಹಳ್ಳಿಯನ್ನು ಕನ್ನಡ ನಾಡಿನ ಎಲ್ಲ ಮನೆಗಳಿಗೂ ಪರಿಚಯಿಸಿದರು. ಹಳೆಯ ಕವಿಗಳು ಪದ್ಯದಲ್ಲಿ ಮಾಡಿದುದನ್ನೇ ಅವರು ಪ್ರಬಂಧದಲ್ಲಿ ಮಾಡಿದರೆನ್ನಬಹುದು.

ಅಲ್ಲಿಂದ ಅರಕಲಗೂಡಿಗೆ ಬಂದು ಅರ್ಕೇಶ್ವರನ ದರ್ಶನ ಪಡೆದು, ಸಂಜೆಯ ವೇಳೆಗೆ ಅದೇ ತಾಲೂಕಿನ ರಾಮನಾಥಪುರವನ್ನು ಸೇರಿದೆವು. ಇಲ್ಲಿ ಹರಿಯುವುದು ಕಾವೇರಿ. ರಾಮೇಶ್ವರನ ಗುಡಿಯ ಬಳಿ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟು ಕುಳಿತಾಗ ಹಿರಿಯ ಮಗುವು, “ಕರ್ನಾಟಕ ಎಲ್ಲಿಗೆ ಮುಗಿಯುತ್ತದೆ?” ಎಂದು ಕೇಳಿತು. ಭೂಪಟದ ಉತ್ತರ ಒಂದಿದೆ. ಕಾವ್ಯದ ಉತ್ತರ ಇನ್ನೊಂದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ ಹುಟ್ಟಿದ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸುತ್ತದೆ. ಎರಡು ಹೊಳೆಗಳ ನಡುವೆ ಒಂದು ನುಡಿ! ದೊರೆಯ ಹೆಸರಿನಿಂದಲೋ ಕೋಟೆಯ ಗೋಡೆಯಿಂದಲೋ ಅಲ್ಲ, ನೀರಿನಿಂದ ನಾಡನ್ನು ಅಳೆದ ಆ ದೃಷ್ಟಿ ಎಷ್ಟು ದೊಡ್ಡದು! ಆ ನಾಡಿನ ಜನ ಪುಸ್ತಕ ಹಿಡಿದು ಓದದಿದ್ದರೂ ಕಾವ್ಯದ ಮರ್ಮವನ್ನು ಬಲ್ಲವರೆಂದೂ ಅದೇ ಗ್ರಂಥ ಮೆಚ್ಚುತ್ತದೆ. ಶಾಲೆಯ ಮೆಟ್ಟಿಲು ಹತ್ತದೆಯೇ ಹರಿಶ್ಚಂದ್ರನ ಕಥೆಯನ್ನು ಎದೆಯಲ್ಲಿ ಇಟ್ಟುಕೊಂಡಿರುವ ನಮ್ಮ ಚಿಕ್ಕಮ್ಮ ಪಕ್ಕದಲ್ಲಿ ಕುಳಿತಿರುವಾಗ ಆ ಮೆಚ್ಚುಗೆಯು ಹನ್ನೊಂದು ಶತಮಾನಗಳ ಹಿಂದಿನದೆಂದು ನಮಗೆ ಅನ್ನಿಸಲಿಲ್ಲ.

ಮರುದಿನ ಬೆಳಗ್ಗೆ ಹೊಳೆನರಸೀಪುರಕ್ಕೆ ಹೊರಟೆವು. ಹೆಸರಿನಲ್ಲಿಯೇ ಹೊಳೆಯನ್ನು ಹೊತ್ತ ಊರು ಇದು. ಅಣೆಕಟ್ಟನ್ನು ದಾಟಿ ಬಂದ ಹೇಮಾವತಿ ಇಲ್ಲಿ ಊರಿನ ಪಕ್ಕದಲ್ಲಿ ಹರಿದು, ಮುಂದೆ ಕೃಷ್ಣರಾಜಸಾಗರದ ಬಳಿ ಕಾವೇರಿಯಲ್ಲಿ ಒಂದಾಗುತ್ತಾಳೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ತಾಲೂಕುಗಳ ನೂರಾರು ಶಾಸನಗಳನ್ನು ಬಿ.ಎಲ್. ರೈಸ್ ಅವರು ಸಂಗ್ರಹಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನವೆಂದರೆ ಒಣ ದಾಖಲೆಯೆಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಉತ್ತಮ ಕವಿಗಳ ಕೈವಾಡವಿದೆ. ‘ಯಶೋಧರ ಚರಿತೆ’ಯನ್ನು 1209ರಲ್ಲಿ ರಚಿಸಿದ ಜನ್ನನೇ ಚನ್ನರಾಯಪಟ್ಟಣ ತಾಲೂಕಿನ ಒಂದು ಶಾಸನವನ್ನೂ ತರೀಕೆರೆ ಬಳಿಯ ಅಮೃತಾಪುರದ ಶಾಸನವನ್ನೂ ಬರೆದವನು. ಇಂತಹ ಶಾಸನಗಳು ನಾಡನ್ನು ಬಣ್ಣಿಸಿ, ದೊರೆಯನ್ನು ಹೊಗಳಿ, ಕೊನೆಗೆ ಒಂದು ಪುಟ್ಟ ಊರಿಗೆ ಬಂದು ನಿಲ್ಲುತ್ತವೆ. ಇಂತಹ ಕೆರೆಯ ಕೆಳಗಿನ ಇಷ್ಟು ಗದ್ದೆ, ಇದರ ಮೂಡಲಿಗೆ ಇಂತಹ ಕಲ್ಲು, ಪಡುವಲಿಗೆ ಇಂತಹ ಹಳ್ಳ ಎಂದು ಎಲ್ಲೆಯನ್ನು ಹೇಳುತ್ತವೆ. ನಮ್ಮ ಚಿಕ್ಕಮ್ಮ ನೀರಿನ ಕಡೆಗೆ ಕೈತೋರಿಸಿ ಗುಡಿ, ಬಲಕ್ಕೆ ಮನೆ ಎಂದದ್ದೂ ಇದೇ ಬಗೆಯ ಮಾತು. ಊರನ್ನು ಪ್ರೀತಿಸುವವನಿಗೆ ಅದರ ಎಲ್ಲೆಕಲ್ಲುಗಳ ಹೆಸರು ಗೊತ್ತಿರುತ್ತದೆ.

ಮಧ್ಯಾಹ್ನ ಚನ್ನರಾಯಪಟ್ಟಣದ ಕೆರೆಯ ಏರಿಯ ಮೇಲೆ ನಿಂತೆವು. ಈ ಊರಿಗೆ ಹಿಂದೆ ಕೊಳತೂರು ಎಂಬ ಹೆಸರಿತ್ತು. ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು ಸುಮಾರು 1600ರಲ್ಲಿ ಇದನ್ನು ತನ್ನ ಮಗನಿಗೆ ಕೊಟ್ಟ ಮೇಲೆ ಈಗಿನ ಹೆಸರು ಬಂದಿತು. ಇದೇ ತಾಲೂಕಿನ ಶ್ರವಣಬೆಳಗೊಳದ ಹೆಸರಿನಲ್ಲಿಯೂ ಒಂದು ಬಿಳಿಯ ಕೊಳ ಅಡಗಿದೆ. ಅಲ್ಲಿಯ ಗೊಮ್ಮಟನನ್ನು ಸುಮಾರು 1180ರಲ್ಲಿ ಬೊಪ್ಪಣನೆಂಬ ಕವಿ ಕನ್ನಡದಲ್ಲಿ ಸ್ತುತಿಸಿ ಕಲ್ಲಿನಲ್ಲಿ ಕೆತ್ತಿಸಿದನು. ಮತ ಯಾವುದಾದರೂ ಆಗಲಿ, ಕವಿಗೆ ತನ್ನ ನೆಲದ ಬೆಟ್ಟ ತನ್ನದೇ.

ಏರಿಯ ಮೇಲೆ ನಿಂತಾಗ ನಮಗೆ ನೆನಪಾದವನು ಕೆರೆಯ ಪದ್ಮರಸ. ‘ದೀಕ್ಷಾಬೋಧೆ’ಯ ಕರ್ತೃವಾದ ಈ ಶರಣಕವಿ ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದು, ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದ್ದರಿಂದ ಆ ಹೆಸರನ್ನು ಪಡೆದನೆಂದು ಕವಿಚರಿತೆಗಳು ಹೇಳುತ್ತವೆ. ಅವನ ವಂಶದ ಪದ್ಮಣಾಂಕನು ಮುಂದೆ ಅವನನ್ನೇ ನಾಯಕನನ್ನಾಗಿಸಿ ‘ಪದ್ಮರಾಜ ಪುರಾಣ’ವನ್ನು ಬರೆದನು. ಕವಿಗಳಿಗೆ ದೊರೆತ ಬಿರುದುಗಳು ನಮ್ಮಲ್ಲಿ ನೂರಾರಿವೆ. ಕೆರೆಯೇ ಬಿರುದಾದ ಕವಿಯ ಭಾಗ್ಯ ಎಷ್ಟು ಮಂದಿಗೆ ದೊರೆತೀತು?

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವೂ ಇದನ್ನೇ ಹೇಳುತ್ತದೆ. ಮಲ್ಲಯ್ಯನನ್ನು ಅರಸುತ್ತ ಬಾಲಕ ಸಿದ್ಧರಾಮನು ತನ್ನ ಸೊನ್ನಲಿಗೆಯನ್ನು ಬಿಟ್ಟು ಶ್ರೀಶೈಲಕ್ಕೆ ಹೋಗುತ್ತಾನೆ. ದೇವರು ದೊರೆತ ಮೇಲೆ ಅಲ್ಲಿಯೇ ಉಳಿಯಬಹುದಿತ್ತು. ಆದರೆ ಮಲ್ಲಿಕಾರ್ಜುನನೇ ಅವನನ್ನು ಊರಿಗೆ ಮರಳಿ ಕಳುಹಿಸುತ್ತಾನೆ. ಮರಳಿದ ಸಿದ್ಧರಾಮನು ಅಲ್ಲಿ ಕೆರೆಯನ್ನು ಕಟ್ಟಿಸಿ, ಊರನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡುತ್ತಾನೆ. ಮಹಾರಾಷ್ಟ್ರಕ್ಕೆ ಸೇರಿರುವ ಇಂದಿನ ಸೊಲ್ಲಾಪುರದ ನಡುವೆ ಸಿದ್ಧೇಶ್ವರನ ಗುಡಿಯ ಸುತ್ತಲಿನ ಕೆರೆ ಇಂದಿಗೂ ಇದೆ. ಪಂಪನಿಗೆ ನಾಡೆಂದರೆ ನೆನಪು. ಹರಿಶ್ಚಂದ್ರನಿಗೆ ನಾಡೆಂದರೆ ಬಿಟ್ಟುಕೊಟ್ಟದ್ದು. ಸಿದ್ಧರಾಮನಿಗೆ ನಾಡೆಂದರೆ ಮರಳಿ ಬಂದು ಮಾಡಬೇಕಾದ ಕೆಲಸ. ಈ ಮೂರೂ ಕೂಡಿದರೆ ನಾಡೊಲುಮೆ ಪೂರ್ಣವಾಗುತ್ತದೆಯೆಂದು ನಮಗೆ ತೋರಿತು.

ಹಿಂದಿರುಗುವ ಮೊದಲು ಚಿಕ್ಕಮ್ಮನವರನ್ನು ಅದೇ ತಾಲೂಕಿನ ಬಾಗೂರಿನ ಕಡೆಗೆ ಕರೆದುಕೊಂಡು ಹೋದೆವು. ಗೊರೂರಿನಿಂದ ಹೊರಟ ಹೇಮಾವತಿಯ ನಾಲೆಯ ನೀರು ಇಲ್ಲಿ ಬಾಗೂರು–ನವಿಲೆ ಸುರಂಗವನ್ನು ಹೊಕ್ಕು, ನೆಲದಡಿಯಲ್ಲಿಯೇ ಮೈಲುಗಟ್ಟಲೆ ಸಾಗಿ ತುಮಕೂರು ಸೀಮೆಯ ಕಡೆಗೆ ಹೋಗುತ್ತದೆ. ಕುಡಿಯುವ ನೀರಿಗೆಂದು ಆ ವಾರ ನಾಲೆಗೆ ನೀರು ಬಿಟ್ಟಿದ್ದರು. ಅಲ್ಲಿ ದನ ಮೇಯಿಸುತ್ತಿದ್ದ ರೈತರೊಬ್ಬರನ್ನು ಅವರು, “ಈ ನೀರು ಯಾರಿಗೆ ಹೋಗುತ್ತಪ್ಪ?” ಎಂದು ಕೇಳಿದರು. “ಮುಂದಿನೂರುಗಳಿಗೆ ಕಣಮ್ಮ. ಮೊದಲು ಆ ಕಡೆ ಬೋರೂ ಬತ್ತಿದ್ದೊ. ಈಗ ಕೆರೆಗೆ ನೀರು ಬೀಳುತ್ತೆ, ಜನ ಬದುಕ್ಕೊಂಡವ್ರೆ” ಎಂದು ಅವರು ಉತ್ತರಿಸಿದರು. ಈ ನೀರಿನಡಿಯಲ್ಲಿ ತಮ್ಮ ಊರಿದೆಯೆಂದು ಚಿಕ್ಕಮ್ಮ ಅವರಿಗೆ ಹೇಳಲಿಲ್ಲ. ನಿಧಾನವಾಗಿ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮೇಲೆ ಬಂದ ಮೇಲೆ ನಮಗೆ ಮಾತ್ರ ಕೇಳುವಂತೆ, “ಹೋಗ್ಲಿ ಬಿಡು, ಎಲ್ಲೋ ಒಂದ್ಕಡೆ ಕೆರೆ ತುಂಬುತ್ತಲ್ಲ” ಎಂದರು.

ಓದುಗ ಬಂಧುಗಳೇ, ಹಳೆಯ ಕಾವ್ಯವನ್ನು ಓದಲು ಅಂದು ನಮ್ಮ ಹಳ್ಳಿಗಳಲ್ಲಿ ಒಂದು ಜಗಲಿ, ಒಂದು ದೀಪ, ಓದುವ ಒಬ್ಬ ಹಿರಿಯ, ಕೇಳುವ ನಾಲ್ಕು ಜನ ಇದ್ದರೆ ಸಾಕಾಗಿತ್ತು. ಇಂದಿಗೂ ಅಷ್ಟೇ ಸಾಕು. ಬರುವ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ‘ಹರಿಶ್ಚಂದ್ರ ಕಾವ್ಯ’ದ ಓದನ್ನು ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ, ಅರ್ಥ ಹೇಳುವವರು ಚಿಕ್ಕಮ್ಮನವರೇ. ತಮ್ಮ ಊರಿನ ಕೆರೆಯ ಹೂಳು ತೆಗೆಯುವ ದಿನ ಒಂದು ಬುಟ್ಟಿ ಮಣ್ಣು ಹೊರುವವರು ಪದ್ಮರಸನ ಬಳಗಕ್ಕೆ ಸೇರಿದವರು. ಊರು ನೆಲದ ಮೇಲೆ ಇರುವವರೆಗೆ ಅದನ್ನು ಕಾಯುವುದು ನಮ್ಮ ಪಾಲಿನ ಕೆಲಸ. ಅದು ನೆಲದ ಮೇಲೆ ಇಲ್ಲವಾದ ಮೇಲೂ ಅದರ ಗುಡಿ ಎಲ್ಲಿತ್ತು, ಮನೆ ಯಾವ ಕಡೆಗಿತ್ತು ಎಂದು ಮಕ್ಕಳಿಗೆ ಕೈತೋರಿಸಿ ಹೇಳುವವರು ಒಬ್ಬರಾದರೂ ಮನೆಯಲ್ಲಿರಲಿ.