ಹಳೆಯ ಯಂತ್ರದ ವಯಸ್ಸೆಷ್ಟು?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮಾರುವವನ ಮಾತನ್ನಷ್ಟೇ ನಂಬುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಲ್ಲಿನಿಂದ ವಯಸ್ಸು, ವಯಸ್ಸಿನಿಂದ ಬೆಲೆ. ಆದರೆ ಕಬ್ಬಿಣದ ಯಂತ್ರಕ್ಕೆ ಹಲ್ಲೆಲ್ಲಿ?

ಅಮೆರಿಕದ ಬೇಟೆಗಾರರಲ್ಲಿ, ಗುರಿಕಾರರಲ್ಲಿ ಹಲವರು ಹಾರಿಸಿದ ಕಾಡತೂಸಿನ ಹಿತ್ತಾಳೆಯ ಕೋಶವನ್ನು ಎಸೆಯುವುದಿಲ್ಲ. ಮನೆಯಲ್ಲೇ ಮತ್ತೆ ತುಂಬುತ್ತಾರೆ. ಗುಂಡು ಹಾರಿದಾಗ ಕೋಶ ತುಸು ಹಿಗ್ಗಿರುತ್ತದೆ. ಮೇಜಿಗೆ ಬಿಗಿದ ರೀಲೋಡಿಂಗ್ ಪ್ರೆಸ್ಸಿನ ಹಿಡಿಯನ್ನು ಎಳೆದರೆ ಕೋಶವು ಉಕ್ಕಿನ ಅಚ್ಚಿನೊಳಗೆ ಹೊಕ್ಕು ಮೊದಲಿನ ಅಳತೆಗೆ ಬರುತ್ತದೆ. ಶಾಲೆಯಲ್ಲಿ ಕಲಿಯುವ ಸನ್ನೆಯ ತತ್ವವೇ ಇಲ್ಲಿಯೂ ಕೆಲಸ ಮಾಡುವುದು. (ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ.) ಎರಕದ ಕಬ್ಬಿಣದ ಈ ಪ್ರೆಸ್ಸು ಬೇಗ ಸವೆಯುವಂಥದಲ್ಲ. ಅಜ್ಜನದು ಮೊಮ್ಮಗನಿಗೆ ಬರುತ್ತದೆ. ಆದರೆ ಎಷ್ಟೋ ಪ್ರೆಸ್ಸುಗಳ ಮೇಲೆ ತಯಾರಾದ ವರ್ಷವೇ ಇರುವುದಿಲ್ಲ.

ಅಂಥ ಒಂದು ಪ್ರೆಸ್ಸು ಮೊಮ್ಮಗನ ಕೈಗೆ ಬಂದಿದೆ ಎಂದುಕೊಳ್ಳಿ. "ಅಜ್ಜ ಮಹಾಯುದ್ಧದಿಂದ ಮರಳಿ 1946ರಲ್ಲಿ ಕೊಂಡದ್ದು" ಎಂಬುದು ಮನೆಯವರ ಮಾತು. ತುಕ್ಕು ನೋಡಿದರೆ ಹೌದೆನ್ನಿಸುತ್ತದೆ. ಆದರೆ ತುಕ್ಕು ಗಡಿಯಾರವಲ್ಲ. ತೇವವಿದ್ದಲ್ಲಿ ಒಂದೇ ಮಳೆಗಾಲ ಸಾಕು. ಎಣ್ಣೆ ಸವರಿಟ್ಟರೆ ಐವತ್ತು ವರ್ಷವಾದರೂ ಹೊಳಪು ಮಾಸದು.

ಮೈಮೇಲೆ ಪೇಟೆಂಟ್ ಸಂಖ್ಯೆ ಇದ್ದರೆ ಅದು ಗಟ್ಟಿ ಸುಳಿವು. ಅಮೆರಿಕದ ಪೇಟೆಂಟ್‌ಗಳಿಗೆ ಅನುಕ್ರಮವಾಗಿ ಸಂಖ್ಯೆ ಕೊಡುತ್ತಾರೆ. 1911ರಲ್ಲಿ 10 ಲಕ್ಷ, 1935ರಲ್ಲಿ 20 ಲಕ್ಷ, 1961ರಲ್ಲಿ 30 ಲಕ್ಷ, 1976ರಲ್ಲಿ 40 ಲಕ್ಷ ಮುಟ್ಟಿತು. ಈ ಪ್ರೆಸ್ಸಿನ ಎರಕದಲ್ಲೇ 25 ಲಕ್ಷದ ಆಸುಪಾಸಿನ ಸಂಖ್ಯೆ ಮೂಡಿದ್ದರೆ ಅದು 1950ರ ಪೇಟೆಂಟ್. ಹಾಗಾದರೆ ಪ್ರೆಸ್ಸು 1950ರದ್ದೇ? ಅಲ್ಲ. 1950ಕ್ಕಿಂತ ಹಿಂದಿನದಲ್ಲ, ಅಷ್ಟೇ. ಅದೇ ಸಂಖ್ಯೆ ಹೊತ್ತು ವರ್ಷಗಟ್ಟಲೆ ಪ್ರೆಸ್ಸುಗಳು ತಯಾರಾಗಿರಬಹುದು.

ಇನ್ನು ಪೆಟ್ಟಿಗೆ. ವಿಳಾಸದಲ್ಲಿ ಜಿಪ್ ಕೋಡ್ ಇದ್ದರೆ ಅದು 1963ರ ಅನಂತರದ್ದು. ಬಾರ್‌ಕೋಡ್ ಇದ್ದರೆ 1970ರ ದಶಕದ್ದೋ ಆಮೇಲಿನದೋ. ಅಂಗಡಿಯಲ್ಲಿ ಇಂದಿನ ಬಾರ್‌ಕೋಡನ್ನು ಮೊದಲು ಓದಿಸಿದ್ದು 1974ರಲ್ಲಿ. ಕಂಪೆನಿಯ ಹೆಸರೂ ಮಾತಾಡುತ್ತದೆ. ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ ಆರ್‌ಸಿಬಿಎಸ್ ಕಂಪೆನಿ 1976ರಲ್ಲಿ ಓಮಾರ್ಕ್ ಸಂಸ್ಥೆಯ ಪಾಲಾಯಿತು. ಪೆಟ್ಟಿಗೆಯ ಮೇಲೆ ಎರಡೂ ಹೆಸರಿದ್ದರೆ ಅದು 1976ಕ್ಕಿಂತ ಹಳೆಯದಲ್ಲ. ಆದರೆ ಪೆಟ್ಟಿಗೆ ಬದಲಾಗಬಹುದು, ಎರಕದ ಅಕ್ಷರ ಬದಲಾಗದು.

ಈ ಸುಳಿವುಗಳೆಲ್ಲ "ಇದಕ್ಕಿಂತ ಹಿಂದಿನದಲ್ಲ" ಎನ್ನುತ್ತವೆ. "ಇದಕ್ಕಿಂತ ಈಚಿನದಲ್ಲ" ಎನ್ನಲು ಬೇರೆಯದೇ ಸಾಕ್ಷಿ ಬೇಕು. ಆ ಪ್ರೆಸ್ಸಿನದೇ ಎಂದು ಖಚಿತವಾದ 1967ರ ರಸೀದಿ ಸಿಕ್ಕಿತೆನ್ನಿ. ಆಗ ಉತ್ತರ: 1950ರಿಂದ 1967ರೊಳಗೆ. ಪೆಟ್ಟಿಗೆಯ ಮೇಲೆ ಜಿಪ್ ಕೋಡ್ ಇದ್ದು, ಪೆಟ್ಟಿಗೆಯೂ ಅದರದೇ ಆಗಿದ್ದರೆ ಬಹುಶಃ 1963ರಿಂದ 1967ರೊಳಗೆ. 1965 ಎಂದು ಒಂದೇ ವರ್ಷ ಹೇಳುವುದು ಕೇಳಲು ಚೆನ್ನ, ಆದರೆ ಅದು ಊಹೆ.

ಹಾಗಾದರೆ ಮನೆಯವರು ಹೇಳಿದ್ದು ಸುಳ್ಳೇ? ಹಾಗೆನ್ನಲು ಆಧಾರವಿಲ್ಲ. ಅಜ್ಜ 1946ರಲ್ಲಿ ಬೇರೊಂದನ್ನು ಕೊಂಡು, ಆಮೇಲೆ ಇದನ್ನು ತಂದಿರಬಹುದು. ನೆನಪು ಮಾತ್ರ ಹಳೆಯದರಿಂದ ಹೊಸದಕ್ಕೆ ದಾಟಿರಬಹುದು. ಎರಕದ ಸಂಖ್ಯೆ ಯಂತ್ರದ ವಿಷಯ ಹೇಳುತ್ತದೆ, ಅಜ್ಜನ ನಡತೆಯ ವಿಷಯವನ್ನಲ್ಲ. ಸಾಕ್ಷ್ಯ ಹೇಳಿದಷ್ಟನ್ನು ಒಪ್ಪುವುದು, ಹೇಳದ್ದನ್ನು ಅದರ ಬಾಯಿಗೆ ತುರುಕದಿರುವುದು: ವಿಜ್ಞಾನದ ಅರ್ಧ ಶಿಸ್ತು ಇದರಲ್ಲಿದೆ.

ಇದನ್ನು ಕಲಿಯಲು ಪ್ರೆಸ್ಸೇ ಬೇಕಿಲ್ಲ. ಅಟ್ಟದ ಮೇಲಿನ ಟ್ರಂಕು, ಹಳೆಯ ಡಬ್ಬಿ, ರಸೀದಿಗಳೇ ಸಾಕು. ಬೆಲೆ "ನಯಾ ಪೈಸೆ"ಯಲ್ಲಿದ್ದರೆ ಆ ಚೀಟಿ 1957ಕ್ಕಿಂತ ಹಿಂದಿನದಲ್ಲ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. "ಮೈಸೂರು ರಾಜ್ಯ" ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಮುಂಚಿನದಿರಬಹುದು, ಹಳೆಯ ಚೀಟಿಯನ್ನೇ ಆಮೇಲೂ ಬಳಸಿರದಿದ್ದರೆ. ರಜೆಯಲ್ಲಿ ಮಕ್ಕಳು ಪಟ್ಟಿ ಮಾಡಲಿ. ಪ್ರತಿ ವಸ್ತುವಿನ ಮುಂದೆ ಎರಡು ವರ್ಷ ಬರೆಯಲಿ, ಪಕ್ಕದಲ್ಲಿ ಕಾರಣವನ್ನೂ ಬರೆಯಲಿ. ತಂದೆತಾಯಂದಿರು ಉತ್ತರಕ್ಕಿಂತ ಮೊದಲು ಆ ಕಾರಣವನ್ನು ಓದಲಿ.