ಹಿಟ್ಟಿನ ಹದ

ಕನ್ನಡದ ‘ಹದ’ ಎಂಬ ಮಾತು ತೂಕಕ್ಕೂ ಸಿಕ್ಕುವುದಿಲ್ಲ, ಅಳತೆಗೂ ಸಿಕ್ಕುವುದಿಲ್ಲ. ಬಿತ್ತುವ ಹೊಲಕ್ಕೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಕಮ್ಮಾರನ ಕಬ್ಬಿಣಕ್ಕೂ ಹದವುಂಟು. ನಾದುವ ಹಿಟ್ಟಿನದೂ ಹಾಗೆಯೇ. ಇಷ್ಟು ನಾದಿದರೆ ಸಾಕೆಂಬುದನ್ನು ಗಡಿಯಾರ ಹೇಳಲಾರದು; ಹಿಟ್ಟೇ ಹೇಳಬೇಕು.

ಗೋದಿಯ ಹಿಟ್ಟಿಗೆ ನೀರು ಸೋಂಕಿದೊಡನೆ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು ಒಂದನ್ನೊಂದು ಹಿಡಿದು ಗ್ಲುಟೆನ್ ಎಂಬ ಜಾಲವಾಗುತ್ತವೆ. ನಾದಿದಂತೆ ಆ ಜಾಲ ಬಲಿಯುತ್ತದೆ. ಚಿಕ್ಕ ತುಣುಕನ್ನು ಬೆರಳುಗಳ ನಡುವೆ ಹಿಗ್ಗಿಸಿದಾಗ ಅದು ಹರಿಯದೆ, ಬೆಳಕು ತೋರುವಷ್ಟು ತೆಳುವಾದರೆ ಬ್ರೆಡ್ ಮಾಡುವವರು ಹದ ಬಂದಿತೆನ್ನುತ್ತಾರೆ. ಚಪಾತಿಗೆ ಅಷ್ಟು ಬೇಡ. ನುಣುಪಾಗುವವರೆಗೆ ನಾದಿ, ಒದ್ದೆಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಬಿಗಿತ ಸಡಿಲಿ ಲಟ್ಟಣಿಗೆಗೆ ಒಲಿಯುತ್ತದೆ.

ಜೋಳದಲ್ಲಿ ಗ್ಲುಟೆನ್ ಇಲ್ಲ. ಅದನ್ನು ಒಂದುಗೂಡಿಸುವುದು ಕುದಿಯುವ ಎಸರು. ಆ ಬಿಸಿಗೆ ಪಿಷ್ಟವು ಉಬ್ಬಿ ಜಿಗಿ ಬರುತ್ತದೆ. ಆ ಜಿಗಿಯನ್ನು ಹಿಟ್ಟಿನ ಕಣಕಣಕ್ಕೂ ಮುಟ್ಟಿಸುವುದೇ ನಾದುವವಳ ಕೆಲಸ. ಹಿಟ್ಟು ಹಳತಾದರೆ ಜಿಗಿ ತಗ್ಗುತ್ತದೆ. ನಾದಿದ್ದನ್ನು ಬಹಳ ಹೊತ್ತು ಬಿಟ್ಟರೆ ಒಣಗಿ ಬಿರಿಯುತ್ತದೆ. ಗೋದಿಗೆ ಹಿತವಾದ ವಿಶ್ರಾಂತಿ ಜೋಳಕ್ಕೆ ಸಲ್ಲದು.

ಚಪಾತಿಯ ಮನೆಯಲ್ಲಿ ಬೆಳೆದು ವಿಜಯಪುರ ಸೀಮೆಯ ಜೋಳದ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳಿಗೆ ಇದು ತಿಳಿದಿರಲಿಲ್ಲ. ಅವಳು ನಾದಿ ಮುಚ್ಚಿಟ್ಟ ಹಿಟ್ಟು ಬಡಿಯುವಾಗಲೇ ಸೀಳುತ್ತಿತ್ತು. ಹಂಚಿಗೆ ಎತ್ತುವಷ್ಟರಲ್ಲಿ ರೊಟ್ಟಿ ಎರಡಾಗುತ್ತಿತ್ತು. ಮನೆಯಲ್ಲಿ ಉಣ್ಣುವವರು ಎಂಟು ಜನ. ಕಲಿಸಬೇಕಾದ ಅತ್ತೆಗೋ ಬಹುಕಾಲದ ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳ ಸ್ಪರ್ಶವೇ ಹೋಗಿತ್ತು. ನಲವತ್ತು ವರ್ಷ ಹದ ಹೇಳಿದ ಕೈ ಈಗ ಬಿಸಿ ತಣ್ಣಗೆಗಳನ್ನೂ ಅರಿಯದು.

“ಎಷ್ಟು ನಿಮಿಷ ನಾದಬೇಕ್ರಿ ಅತ್ತಿ?” ಎಂದು ಸೊಸೆ ಕೇಳಿದಳು.

“ನಿಮಿಷ ಎಣಿಸಬ್ಯಾಡವಾ. ಉಂಡಿ ಮಾಡಿ ಒತ್ತು, ಅಂಚು ನೋಡು. ಬಿರಿದ್ರ ಇನ್ನೂ ನಾದು. ಕೈಗೆ ಮೆತ್ತಿದ್ರ ನೀರು ಹೆಚ್ಚಾಗ್ಯದ. ಎರಡೂ ಇಲ್ಲಂದ್ರ ಸಾಕು, ಬಿಸಿ ಆರೂದ್ರಾಗ ಬಡಿ.”

ಅಂದಿನಿಂದ ಸೊಸೆಯ ಬೆರಳು, ಅತ್ತೆಯ ಕಣ್ಣು ಕೂಡಿ ನಾದಿದವು. ಒಂದೊಂದೇ ರೊಟ್ಟಿಗೆ ಬೇಕಾದಷ್ಟನ್ನು ಮತ್ತೆ ಮಿದಿದು, ಒಡನೆ ಬಡಿಯುವುದು ರೂಢಿಯಾಯಿತು. ಬಡಿಯುವ ಸದ್ದು ಕೇಳಿಯೇ ಅತ್ತೆ ‘ಹಾಂ’ ಎನ್ನುತ್ತಿದ್ದಳು. ಮೊದಲ ದಿನಗಳ ಹರಕು ರೊಟ್ಟಿಗಳೆಲ್ಲ ಆಕೆಯ ತಾಟಿಗೇ ಹೋದವು. ಸೊಸೆ ತಡೆದರೂ ಕೇಳಲಿಲ್ಲ.

ಕಾಯಕದ ಅರಿವು ಕೈಯಿಂದ ಕೈಗೆ ಬರುವ ಬಗೆ ಇದು. ಗುರುವಾದವನೂ ಇದನ್ನು ನೆನೆಯುವುದು ಲೇಸು. ಶಿಷ್ಯರಲ್ಲಿ ಗೋದಿಯಂಥವರುಂಟು, ಜೋಳದಂಥವರುಂಟು. ಒಬ್ಬನನ್ನು ಚೆನ್ನಾಗಿ ತಿದ್ದಿ ಕೆಲಕಾಲ ತನ್ನಷ್ಟಕ್ಕೆ ಬಿಡಬೇಕು. ಮತ್ತೊಬ್ಬನನ್ನು ಬಿಸಿಯಾರುವ ಮುನ್ನವೇ ಕೈಹಿಡಿಯಬೇಕು. ಒಬ್ಬನಿಗೆ ಸಂದ ಹದವನ್ನು ಇನ್ನೊಬ್ಬನ ಮೇಲೆ ಹೇರಿ, ಅವನು ಬಿರಿದಾಗ ಅವನನ್ನೇ ದೂರುವುದು ತರವಲ್ಲ. ಮೊದಲು ಅಂಚನ್ನು ನೋಡಬೇಕು.